ಬಂಡಿಮನೆಯಲ್ಲಿ ಒಂದು ಧನುರ್ಮಾಸ

ಅತ್ತೆಯ ಎದೆಯ ಎಕ್ಸ್‌ರೇ ತೆಗೆಸಿದ ದಿನವೇ ನಮ್ಮ ಪಾಲಿನ ಕೊನೆಯ ಮಾಮೂಲಿ ದಿನ. ಅಂದು ಹಾಲಿನವನು ತಡವಾಗಿ ಬಂದ. ನಮ್ಮ ಯಜಮಾನರು ಒಣಗದ ಶೂಗಳನ್ನೇ ಹಾಕಿಕೊಂಡು ಕೆಲಸಕ್ಕೆ ಹೋದರು. ನಾಲ್ಕು ದಿನದಿಂದ ಬಿಡದೆ ಸುರಿಯುತ್ತಿದ್ದ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅದನ್ನು ನೋಡಿಯೇ ನಾನು ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ಎರಡು ತಿಂಗಳಿಂದ ಅವರಿಗೆ ಕೆಮ್ಮು ನಿಂತಿರಲಿಲ್ಲ.

ನಾವಿದ್ದದ್ದು ಮದ್ರಾಸಿನ ಪೋರೂರು ಕೆರೆಯ ಕೆಳಗಿನ ಬೀದಿಯಲ್ಲಿ, ನೆಲಮಹಡಿಯ ಬಾಡಿಗೆ ಮನೆಯಲ್ಲಿ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಕೆರೆಯ ಸುತ್ತ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಯಜಮಾನರಿಗೆ ಮಣ್ಣು ಪರೀಕ್ಷೆ ಮಾಡುವ ಕಂಪನಿಯಲ್ಲಿ ಕೆಲಸ. ಕಟ್ಟಡ ಕಟ್ಟುವ ಮೊದಲು ಇವರ ತಂಡ ಹೋಗಿ ನೆಲ ಕೊರೆದು, ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು, ಆ ನೆಲ ಎಷ್ಟು ಭಾರ ತಡೆದೀತು ಎಂದು ಬರೆದುಕೊಡಬೇಕು. ನಾವು ಚಾಮರಾಜನಗರದ ಕಡೆಯವರು. ಮದುವೆಯಾಗಿ ನಾನು ಇಲ್ಲಿಗೆ ಬಂದ ಎರಡು ವರ್ಷಕ್ಕೆ ಅತ್ತೆಯೂ ಬಂದರು. ನಮಗೆ ಮಕ್ಕಳಾಗಲಿಲ್ಲ. ಆ ಬಗ್ಗೆ ಊರಿನವರೆಲ್ಲ ಏನಾದರೊಂದು ಅಂದಿದ್ದಾರೆ. ಅತ್ತೆ ಒಂದು ದಿನವೂ ಅನ್ನಲಿಲ್ಲ.

ಎಕ್ಸ್‌ರೇ ಕೋಣೆಯ ಹೆಂಗಸು ಕತ್ತಿನಲ್ಲಿರುವುದನ್ನೆಲ್ಲ ತೆಗೆಯಬೇಕು ಎಂದಳು. ಅತ್ತೆ ಸರ ತೆಗೆದುಕೊಟ್ಟರು. ಆಕೆ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿ ಅದನ್ನೂ ಎಂದಳು.

ಆ ಕರಡಿಗೆಯೊಳಗೆ ಅತ್ತೆಯ ಇಷ್ಟಲಿಂಗವಿತ್ತು. ಹುಟ್ಟಿದ ದಿನವೇ ಮಠದ ಅಯ್ಯನವರು ಬಂದು ಕಟ್ಟಿದ ಲಿಂಗ. ನಿಷ್ಠೆಯಿಂದ ನಡೆದುಕೊಳ್ಳುವವರ ಮೈಮೇಲಿಂದ ಅದು ಇಳಿಯುವುದಿಲ್ಲ. ದಿನಾ ಸ್ನಾನವಾದ ಮೇಲೆ ಎಡಗೈಯಲ್ಲಿಟ್ಟು ಪೂಜಿಸಿ, ಆಮೇಲೆಯೇ ಬಾಯಿಗೆ ನೀರು. ಸತ್ತ ದಿನ ಅದು ಅಂಗೈಯಲ್ಲಿದ್ದುಕೊಂಡೇ ಜೊತೆಗೆ ಮಣ್ಣಿಗೆ ಹೋಗುತ್ತದೆ. ನನ್ನ ಲಿಂಗವನ್ನು ನಾನು ಕಾಲೇಜಿಗೆ ಹೋಗುವಾಗಲೇ ತೆಗೆದು ತವರಿನ ದೇವರ ಗೂಡಿನಲ್ಲಿಟ್ಟಿದ್ದೆ. ಅತ್ತೆ ಹಾಗಲ್ಲ.

"ಇದ ಬಿಚ್ಚಕ್ಕಾಗಲ್ಲ ಅಂತ ಯೋಳವ್ವ ಅವಳಿಗೆ," ಎಂದರು.

"ಎರಡು ನಿಮಿಷ ಅತ್ತೆ. ನಿಮ್ಮ ಕೈಯಲ್ಲೇ ಹಿಡ್ಕೊಂಡಿರಿ."

"ಕೈಲಿ ಹಿಡ್ಕೊಂಡ್ರೆ ಫೋಟದಲ್ಲಿ ಬರಕಿಲ್ವ?"

"ಎದೆ ಮಾತ್ರ ತೆಗೀತಾರೆ."

"ನನ್ನ ಎದೆಗಿಂತ ಅದೇ ಚಂದಾಗಿ ಬತ್ತಿತ್ತು, ಬುಡು."

ಕರಡಿಗೆ ಕಟ್ಟಿದ್ದ ಶಿವದಾರ ತಲೆಯಿಂದ ಆಚೆ ಬರುವಷ್ಟು ಉದ್ದವಿರಲಿಲ್ಲ. ವರ್ಷಗಟ್ಟಲೆ ನೀರು, ವಿಭೂತಿ ಕುಡಿದು ಗಂಟು ಕಲ್ಲಾಗಿತ್ತು. ಉಗುರಿನಿಂದ ಬಿಚ್ಚಲು ನೋಡಿದೆ. ಹಿಂದೆ ಐದಾರು ಜನ ಕಾಯುತ್ತಿದ್ದರು. ನಾನೇ ಆ ಹೆಂಗಸಿನ ಹತ್ತಿರ ಕತ್ತರಿ ಇಸಿದುಕೊಂಡು ದಾರ ಕತ್ತರಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಸಂಜೆ ಮನೆಯಲ್ಲಿ ಅವರು ಕಾಲು ನೀಡಿ ಕುಳಿತು ಹತ್ತಿಯ ನೂಲನ್ನು ತೊಡೆಯ ಮೇಲೆ ಹೊಸೆದು ಹೊಸ ಶಿವದಾರ ಮಾಡಿದರು. ಉಂಡ ಮೈಯಲ್ಲಿ ಕಟ್ಟಬಾರದು, ಬೆಳಿಗ್ಗೆ ಸ್ನಾನ ಮಾಡಿ ಪೂಜೆಯಾದ ಮೇಲೆ ಕಟ್ಟಿಕೊಳ್ಳುತ್ತೇನೆ ಎಂದು ಕರಡಿಗೆಯನ್ನು ಮಡಿಬಟ್ಟೆಯ ತುಂಡಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಊಟಕ್ಕೆ ಮೆಣಸಿನ ಸಾರು ಮಾಡಿದ್ದೆ.

"ಉಪ್ಪೇ ಬಿದ್ದಿಲ್ಲ. ಕೆರೆ ನೀರು ಕುಡ್ದಂಗಾಯ್ತದೆ," ಎಂದರು.

"ಅವ್ವ, ನೀನು ಕೆರೆ ನೀರು ಯಾವಾಗ ಕುಡಿದಿದ್ದೀಯೆ?" ಎಂದು ಯಜಮಾನರು ನಕ್ಕರು.

ಬೆಳಕು ಹರಿಯುವ ಹೊತ್ತಿಗೆ ಕೆರೆಯ ನೀರು ಮನೆಯೊಳಗಿತ್ತು. ಮೊದಲು ಬಚ್ಚಲಿನ ಕಿಂಡಿಯಿಂದ ಗುಳುಗುಳು ಎಂದು ಬಂತು, ಆಮೇಲೆ ಹೊಸ್ತಿಲು ದಾಟಿ. ಅರ್ಧ ಗಂಟೆಯಲ್ಲಿ ಮೊಣಕಾಲು ಮುಳುಗಿತು. ಇನ್ನು ಏರುವ ಮೊದಲೇ ಹೊರಡೋಣ ಎಂದು ಯಜಮಾನರು ಅತ್ತೆಯನ್ನು ಉಪ್ಪುಮೂಟೆ ಹೊತ್ತರು. ಅತ್ತೆ ಬಗ್ಗಿ, ಆ ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟರು.

"ಭದ್ರವಾಗಿ ಮಡಗು ಕನವ್ವ. ನನ್ನ ಕೈ ನಡುಗ್ತಾವೆ."

ನನ್ನ ಒಂದು ಕೈಯಲ್ಲಿ ಕಾಗದಪತ್ರದ ಚೀಲ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳಬೇಕು. ಬೀದಿಯಲ್ಲಿ ಸೊಂಟದ ತನಕ ನೀರು ಎಳೆಯುತ್ತಿತ್ತು. ನಾನು ಬಿದ್ದರೆ ಗಂಟು ಹೋಗುತ್ತದೆ ಎಂದು ಹೆದರಿದೆ. ನಮ್ಮ ಕಡೆ ಹೆಂಗಸರು ಓಲೆ, ಉಂಗುರ, ಏನೇ ಇರಲಿ, ಅಕ್ಕಿಯೊಳಗೆ ಹುದುಗಿಸಿಡುತ್ತಾರೆ. ನಮ್ಮಮ್ಮನೂ ಹಾಗೇ. ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಬಿಗಿ ಮುಚ್ಚಳದ ಅಕ್ಕಿ ಡಬ್ಬಿ ಇತ್ತು. ಮೊಣಕೈವರೆಗೆ ಕೈ ಹಾಕಿ ಗಂಟನ್ನು ಅದರೊಳಗೆ ಇಳಿಸಿ, ಮುಚ್ಚಳ ಹಾಕಿ, ಅಂಗೈಯಿಂದ ಗುದ್ದಿ ಬಿಗಿ ಮಾಡಿದೆ. ಸಂಜೆಗೆ ನೀರು ಇಳಿಯುತ್ತದೆ ಎಂದುಕೊಂಡಿದ್ದೆ.

ನಾವು ಹೋಗಿ ಸೇರಿದ್ದು ಕಂಪನಿಯ ಯಾರ್ಡಿಗೆ. ಅದು ಸ್ವಲ್ಪ ದಿಬ್ಬದ ಮೇಲಿತ್ತು. ಅಲ್ಲಿ ಕೊರೆಯುವ ಯಂತ್ರಗಳ ಪಕ್ಕದಲ್ಲಿ ಒಂದು ಹಳೆಯ ಟ್ರೇಲರ್ ನಿಂತಿತ್ತು. ತಂಡ ದೂರದ ಊರಿಗೆ ಹೋದಾಗ ಲಾರಿಯ ಹಿಂದೆ ಕಟ್ಟಿಕೊಂಡು ಹೋಗಿ ಅದರಲ್ಲೇ ಉಳಿಯುತ್ತಿದ್ದರು. ಎರಡು ಚಕ್ರ, ಮುಂದೆ ನೆಲಕ್ಕೆ ಊರುವ ಕಬ್ಬಿಣದ ಕಾಲು, ತಗಡಿನ ಗೋಡೆ, ಒಳಗೆ ಎದುರುಬದುರಾಗಿ ಎರಡು ಹಲಗೆಮಂಚ, ಒಂದು ಸ್ಟೌ ಇಡುವಷ್ಟು ಕಟ್ಟೆ. ಕಂಪನಿಯವರು ಅದನ್ನು ಕ್ಯಾಂಪ್ ವಂಡಿ ಎನ್ನುತ್ತಿದ್ದರು. ಅತ್ತೆ ಬಂಡಿಮನೆ ಎಂದರು. ಮ್ಯಾನೇಜರು ಪೊಂಗಲ್ ತನಕ ಇರಿ ಎಂದು ಬೀಗದಕೈ ಕೊಟ್ಟರು.

ಅತ್ತೆ ಕೇಳಿದ ಮೊದಲ ಮಾತು, "ಎಲ್ಲಿ ಮಡಗಿದ್ದೀಯೆ?"

"ಅಕ್ಕಿ ಡಬ್ಬೀಲಿ, ಅತ್ತೆ. ಭದ್ರವಾಗಿದೆ."

"ಅಕ್ಕೀಲಿ ಇದ್ರೆ ಬುಡು," ಎಂದು ಅವರು ಒರಗಿಕೊಂಡರು. ಅದು ಕೈಗೆ ಬರಲಿ ಎಂದು ನೀರು ಇಳಿಯುವ ತನಕ ಹಾಲು, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಆಗ ಹೊರಗಿದ್ದ ಯಜಮಾನರಿಗೆ ಗಂಟು ಅಕ್ಕಿಯಲ್ಲಿದೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಆ ಗಳಿಗೆಯೇ ನೀರಿಗೆ ಇಳಿಯುತ್ತಿದ್ದರು. ಬೀದಿಯಲ್ಲಿ ಎದೆಮಟ್ಟ ನೀರಿದೆ, ಚರಂಡಿಯ ಚಪ್ಪಡಿ ಕೊಚ್ಚಿಹೋಗಿದೆ ಎಂದು ಜನ ಹೇಳುತ್ತಿದ್ದರು. ನಾನು ಹೇಳಿದ್ದು ಇಷ್ಟೇ, "ರೀ, ನೀರು ಇಳಿದ ಮೇಲೆ ಹೋದಾಗ ಅಕ್ಕಿ ಡಬ್ಬಿ ಮೊದಲು ತನ್ನಿ."

ನಾಲ್ಕನೇ ದಿನ ನೀರು ಇಳಿಯಿತು. ಅವರು ತಂಡದ ಇಬ್ಬರನ್ನು ಕರೆದುಕೊಂಡು ಹೋಗಿ ಮಧ್ಯಾಹ್ನಕ್ಕೆ ಬಂದರು. ಮೊದಲು ಕೈಯಲ್ಲಿ ಹಿಡಿದು ತಂದದ್ದು ಅಕ್ಕಿ ಡಬ್ಬಿಯನ್ನೇ. ಫಳಫಳ ಹೊಳೆಯುತ್ತಿತ್ತು.

"ಹಲಗೆ ಮುರಿದು ಬಿದ್ದು ತೇಲಾಡಿತ್ತು ಕಣೆ. ಮುಚ್ಚಳದ ಸಂದೀಲಿ ನೀರು ಹೋಗಿ ಅಕ್ಕಿ ಊದಿ ನಾತ ಹೊಡೀತಿತ್ತು. ಬೀದಿ ಕಸದ ಗುಡ್ಡೆಗೆ ಸುರಿದು, ಮೂರು ಸಲ ಸೋಪು ಹಾಕಿ ತೊಳೆದೆ. ಬರ್ತಾ ಹೊಸ ಅಕ್ಕಿ ತುಂಬಿಸಿಕೊಂಡು ಬಂದೆ."

ನಾನು ಮುಚ್ಚಳ ತೆಗೆದು ಹೊಸ ಅಕ್ಕಿಯೊಳಗೆ ಕೈ ಇಳಿಸಿದೆ. ತಳ ಸಿಕ್ಕಿತು. ಸುತ್ತ ತಡಕಾಡಿದೆ. ಇಲ್ಲವೆಂದು ಗೊತ್ತಿದ್ದೂ ಕೈ ಆಚೆ ತೆಗೆಯಲಾಗಲಿಲ್ಲ. ಅತ್ತೆ ಮಂಚದ ಮೇಲಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಅವರಿಗೆ ಅರ್ಥವಾಯಿತು. ಯಜಮಾನರಿಗೆ ಇನ್ನೂ ಆಗಿರಲಿಲ್ಲ.

"ಯಾಕೆ, ಹುಳ ಇದೆಯಾ?" ಎಂದರು.

ಹೇಳಿದೆ. ಅವರು ಬಂದ ಕಾಲಲ್ಲೇ ತಿರುಗಿ ಹೋದರು. ಕಸದ ಗುಡ್ಡೆಯ ಮುಕ್ಕಾಲು ಭಾಗವನ್ನು ಅಷ್ಟರಲ್ಲೇ ಲಾರಿ ಎತ್ತಿಕೊಂಡು ಹೋಗಿತ್ತು. ಉಳಿದದ್ದನ್ನು ಕೈಯಲ್ಲೇ ಕೆದಕಿ ನೋಡಿ, ಲಾರಿ ಎಲ್ಲಿ ಸುರಿಯುತ್ತದೆ ಎಂದು ಕೇಳಿಕೊಂಡು ಅಲ್ಲಿಗೂ ಹೋಗಿದ್ದರಂತೆ. ಇಡೀ ಊರಿನ ಕೆಸರು, ಹಾಸಿಗೆ, ಅಕ್ಕಿ ಅಲ್ಲಿ ಬಿದ್ದಿತ್ತಂತೆ.

ನಾನು ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕುಳಿತು ಅಳುತ್ತಿದ್ದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀನೊಬ್ಬಳೇ ಯಾಕ ಅಳ್ತೀಯೆ? ಬಿಚ್ಚುವಾಗ ಕತ್ತು ಕೊಟ್ಟವಳು ನಾನು."

ಆಮೇಲೆ ಕೈ ತೆಗೆದು, "ಅದು ನನ್ನ ಜೊತೆ ಹೋಗಬೇಕಾಗಿತ್ತು. ಹುಡುಕ್ರಪ್ಪ," ಎಂದರು.

ಊರಿನ ಮಠಕ್ಕೆ ಫೋನು ಮಾಡಿದೆವು. ವಯಸ್ಸಾದವರು ಉಪವಾಸ ಇರಬಾರದು, ಸಿಗುವ ತನಕ ವಿಭೂತಿಯ ಗಟ್ಟಿಯನ್ನೇ ಅಂಗೈಯಲ್ಲಿಟ್ಟು ಪೂಜಿಸಿ ಊಟ ಮಾಡಲಿ, ಸಿಗದಿದ್ದರೆ ಬೇರೆ ಲಿಂಗ ಕಟ್ಟೋಣ ಎಂದು ಅಯ್ಯನವರು ಹೇಳಿದರು. ಅತ್ತೆ ದಿನಕ್ಕೆ ಒಂದು ಹೊತ್ತು ಊಟಕ್ಕೆ ಒಪ್ಪಿದರು. ಬೇರೆ ಲಿಂಗದ ಮಾತಿಗೆ ಮಾತ್ರ, "ಮೊದ್ಲು ಹುಡುಕಿ, ಆಮೇಕೆ ನೋಡನ," ಎಂದರು.

ಮದ್ರಾಸಿನಲ್ಲಿ ಚಳಿಯೇ ಎಂದು ಊರಿನಲ್ಲಿ ನಗುತ್ತಾರೆ. ತಗಡಿನ ಬಂಡಿಯಲ್ಲಿ ಒಂದು ಧನುರ್ಮಾಸ ಮಲಗಿದವರು ನಗುವುದಿಲ್ಲ. ಕಲ್ಲಿನ ಮನೆಗೆ ನೆಲದ ಆಸರೆ ಇರುತ್ತದೆ. ಬಂಡಿಗೆ ಕೆಳಗೂ ಗಾಳಿಯೇ. ಒದ್ದೆ ನೆಲದ ಥಂಡಿ ಹಲಗೆಯ ಸಂದಿನಿಂದ ಮೇಲೇರಿ ಬೆನ್ನಿಗೆ ತಾಗುತ್ತಿತ್ತು. ಮೂವರ ಉಸಿರು, ಅನ್ನದ ಹಬೆ, ಎಲ್ಲ ಹೋಗಿ ತಗಡಿಗೆ ಹತ್ತಿ ಬೆಳಿಗ್ಗೆ ಹನಿಯಾಗಿ ಇಳಿಯುತ್ತಿತ್ತು. ಎದ್ದ ಕೂಡಲೇ ನನ್ನ ಮೊದಲ ಕೆಲಸ ಹಳೆಯ ಪಂಚೆಯ ತುಂಡಿನಿಂದ ಗೋಡೆ ಒರೆಸುವುದು. ಹಿಂಡಿದರೆ ಅರ್ಧ ಚೊಂಬು ನೀರು. ಹಾಸಿಗೆಯ ಕೆಳಗೆ ಗೋಣಿ, ಗೋಣಿಯ ಕೆಳಗೆ ಪೇಪರು. ಪೇಪರು ಎರಡು ದಿನಕ್ಕೆ ಮೆತ್ತಗಾಗುತ್ತಿತ್ತು. ಯಾರಾದರೂ ಮಗ್ಗಲು ಬದಲಿಸಿದರೆ ಇಡೀ ಮನೆ ಅಲ್ಲಾಡುತ್ತಿತ್ತು. ಚಕ್ರಗಳಿಗೆ ಇಟ್ಟಿಗೆ ಕೊಟ್ಟರೂ ನಿಲ್ಲಲಿಲ್ಲ.

"ನಿನ್ನ ಗಂಡ ಹುಟ್ಟಿದಾಗ ತೊಟ್ಲಲ್ಲಿ ನಾನು ತೂಗಿದ್ದೆ. ಈಗ ನನ್ನ ತೂಗ್ತಾವ್ನೆ," ಎಂದರು ಅತ್ತೆ.

ಯಾರ್ಡಿನ ಕಾವಲುಗಾರನ ಹೆಂಡತಿ ತಮಿಳಿನವಳು. ಹೊರಗೆ ಸೌದೆ ಒಲೆ ಹೂಡಿ ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿ ಕೊಡುತ್ತಿದ್ದಳು. ಬಕೆಟ್ಟು ಇಟ್ಟು, ಬಾಗಿಲಲ್ಲಿ ನಿಂತು, "ಎನ್ನಮ್ಮಾ, ಕುಳಿರುದಾ?" ಎಂದು ಚಳಿಯನ್ನು ವಿಚಾರಿಸುವಳು.

"ಕುಳಿರು ಅಂದ್ರೆ ಕುಳಿರು ಕನವ್ವ. ನಿಮ್ಮೂರ ಸೂರ್ಯ ಎಲ್ಲೋದ?"

"ಪೊಂಗಲುಕ್ಕು ವರುವಾರು," ಹಬ್ಬಕ್ಕೆ ಬರುತ್ತಾನೆ ಎಂದು ಆಕೆ.

"ಅಲ್ಲೀಗಂಟ ನಾನಿರಬೇಕಲ್ಲ," ಎಂದು ಅತ್ತೆ ಕನ್ನಡದಲ್ಲಿ ಅಂದರೆ ಅವಳು ತಲೆಯಾಡಿಸಿ ನಗುತ್ತಿದ್ದಳು. ಆ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ.

ನೀರು ಇಳಿದ ಮೇಲೆ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ಇಸಿದುಕೊಂಡು ಬಂದೆವು. ಅದನ್ನು ನೋಡಿದ ಡಾಕ್ಟರು ಎಡಗಡೆಯ ಶ್ವಾಸಕೋಶ ಪೂರ್ತಿ ಹಾಳಾಗಿದೆ, ಈ ವಯಸ್ಸಿಗೆ ಕತ್ತರಿ ಹಾಕುವುದು ಬೇಡ, ಬೆಚ್ಚಗೆ ನೋಡಿಕೊಳ್ಳಿ ಎಂದರು. ನಮ್ಮ ಬಂಡಿಯ ಒಂದು ಕಿಟಕಿಗೆ ಗಾಜಿರಲಿಲ್ಲ. ರಟ್ಟು ಇಟ್ಟರೆ ಇಬ್ಬನಿಗೆ ನೆನೆದು ಬೀಳುತ್ತಿತ್ತು. ಒಂದು ದಿನ ಅತ್ತೆಯೇ ಎಕ್ಸ್‌ರೇ ಇದ್ದ ದೊಡ್ಡ ಕಂದು ಲಕೋಟೆ ತೋರಿಸಿ, "ಅದ್ಯಾಕ ಸುಮ್ಕೆ ಮಡಗಿದ್ದೀರಿ? ಕಿಟಕಿಗೆ ಹೊಡೀರಿ, ಗಾಳಿಯಾದ್ರೂ ನಿಲ್ತದೆ," ಎಂದರು. ಬೇಡ ಎಂದೆವು. ಬಿಡಲಿಲ್ಲ. ಯಜಮಾನರು ಟೇಪು ಸುತ್ತಿ ಅಂಟಿಸಿದರು. ಗಾಳಿ ನಿಂತಿತು. ಬೆಳಗಾದರೆ ಅತ್ತೆಯ ಪಕ್ಕೆಲುಬುಗಳು ಕಿಟಕಿಯಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಮಲಗಿದಲ್ಲಿಂದಲೇ ಅವರು ನಡುವೆ ಬೆರಳು ಮಾಡಿ ತೋರಿಸುತ್ತಿದ್ದರು.

"ಇಲ್ಲಿರಬೇಕಾಗಿತ್ತು ನೋಡು."

ಭಾನುವಾರ ಬಂದರೆ ಯಜಮಾನರು ಕಂಪನಿಯ ಜರಡಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಹಳೆಯ ಬೀದಿಗೆ ಹೋಗುತ್ತಿದ್ದರು. ಹಿತ್ತಾಳೆ ಅಂಚಿನ, ಒಂದರೊಳಗೊಂದು ಕೂರುವ ಮಣ್ಣು ಪರೀಕ್ಷೆಯ ಜರಡಿಗಳು. ಕರಡಿಗೆಗೆ ಮೇಲಿನ ದೊಡ್ಡ ಕಣ್ಣಿನ ಜರಡಿ ಒಂದೇ ಸಾಕು. ಆದರೆ ಕರಡಿಗೆ ಬಾಯಿ ಬಿಟ್ಟಿದ್ದರೆ ಒಳಗಿನ ಲಿಂಗ ಗೋಲಿಯಷ್ಟೇ. ಅದಕ್ಕೆ ಕೆಳಗೆ ಸಣ್ಣ ಕಣ್ಣಿನದು. ಲಾರಿ ಎತ್ತುವಾಗ ಚೆಲ್ಲಿರಬಹುದು ಎಂದು ಬೀದಿಯ ಇಕ್ಕೆಲದಲ್ಲಿ ಉಳಿದಿದ್ದ ಕೆಸರನ್ನು ಮನೆಮನೆಯ ಮುಂದಿನಿಂದ ಗುರುತು ಹಾಕಿಕೊಂಡು ಬಿಸಿಲಿಗೆ ಹರಡಿ, ಒಣಗಿದ ಮೇಲೆ ಪುಡಿ ಮಾಡಿ, ಜರಡಿ ಹಿಡಿಯುವರು. ಕೆಲಸದಲ್ಲಿ ಮಾಡಿದ ಹಾಗೇ ಒಂದು ನೋಟುಪುಸ್ತಕದಲ್ಲಿ ಎಷ್ಟು ಅಡಿ ಆಯಿತು ಎಂದು ನಕ್ಷೆ ಬರೆಯುತ್ತಿದ್ದರು. ಮೊದಲೆರಡು ವಾರ ಜನ ನಿಂತು ನೋಡಿದರು. ಮೂರನೇ ವಾರ ಎದುರುಮನೆಯವರು ತಮ್ಮ ಮುಂದಿನ ಕೆಸರನ್ನು ತಾವೇ ಗುಡ್ಡೆ ಮಾಡಿ ಇಟ್ಟಿದ್ದರು. ಅದರ ಮೇಲೆ ಯಾರೂ ರಂಗೋಲಿ ಹಾಕಿರಲಿಲ್ಲ. ಬೀದಿಯ ಉಳಿದೆಡೆಯೆಲ್ಲ ಧನುರ್ಮಾಸದ ದೊಡ್ಡ ರಂಗೋಲಿಗಳಿದ್ದವು.

ಗುಂಡಿ, ಚಮಚ, ಶಂಖದಹುಳುವಿನ ಚಿಪ್ಪು, ನಲ್ಲಿಯ ತಿರುಪು, ಯಾವುದೋ ಮಗುವಿನ ಗೆಜ್ಜೆಯ ಒಂದು ಗುಂಡು. ಸಿಕ್ಕಿದ್ದೆಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿ ತಂದು ಅತ್ತೆಗೆ ತೋರಿಸುತ್ತಿದ್ದರು. ಅತ್ತೆ ಒಂದೊಂದನ್ನೇ ಎತ್ತಿ ನೋಡುವರು.

"ಈ ಗೆಜ್ಜೆ ಬೆಳ್ಳೀದು ಕನಪ್ಪ. ಮಗೀನವ್ವ ಹುಡುಕ್ತಿರ್ತಾಳೆ. ಹೋಗಿ ಕೊಟ್ಬುಡು."

ಮುಂದಿನ ವಾರ ಅವರು ಹದಿನಾಲ್ಕು ಮನೆಯ ಬಾಗಿಲು ತಟ್ಟಿ ಅದನ್ನು ಕೊಟ್ಟುಬಂದರು. ಅತ್ತೆ ಅಂದು ಎರಡು ತುತ್ತು ಹೆಚ್ಚಾಗಿ ಉಂಡರು.

ಸಂಕ್ರಾಂತಿ ಹತ್ತಿರವಾಗುವಾಗ ಅವರಿಗೆ ಕೂತರೂ ಉಸಿರು, ಮಲಗಿದರೂ ಉಸಿರು. ನಾನು ಬೆನ್ನಿಗೆ ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ಒತ್ತುತ್ತಾ, ಬಹಳ ದಿನದಿಂದ ಬಾಯಲ್ಲಿದ್ದ ಮಾತು ಹೇಳಿದೆ.

"ಅತ್ತೆ, ನನ್ನ ಲಿಂಗ ತವರಲ್ಲಿ ಸುಮ್ಮನೆ ಇದೆ. ತರಿಸ್ತೀನಿ. ನೀವು ಇಟ್ಕೊಳ್ಳಿ."

ಅವರು ಕೆಮ್ಮು ಮುಗಿಯುವ ತನಕ ಕಾದು ಹೇಳಿದರು, "ನಿನ್ನ ಉಸಿರು ತಕ್ಕಂಡು ನಾನು ಉಸಿರಾಡಕ್ಕಾಯ್ತದ? ಅವರವರ್ದು ಅವರವರಿಗೆ. ತರ್ಸು, ಆದ್ರೆ ನೀನು ಕಟ್ಕೊ."

ಆಮೇಲೆ, ಉಪ್ಪಿನ ಗಂಟು ಆರಿದ ಮೇಲೆ, "ಅಯ್ಯನೋರ್ನ ಕರ್ಸಿ. ಇನ್ನ ಸಿಕ್ಕಕಿಲ್ಲ," ಎಂದರು.

ಮದ್ರಾಸಿನಲ್ಲೇ ಪುರಸೈವಾಕ್ಕಂನಲ್ಲಿ ನಮ್ಮ ಜನದ ಹಿರಿಯರೊಬ್ಬರ ಜವಳಿ ಅಂಗಡಿ ಇದೆ. ಅವರು ಊರಿನ ಮಠದಿಂದ ಅಯ್ಯನವರನ್ನು ಕರೆದುಕೊಂಡು ಬಂದರು. ಬಂಡಿಯೊಳಗೆ ಎಲ್ಲರೂ ಹಿಡಿಸುವುದಿಲ್ಲ. ನಾನು ಮತ್ತು ಅಯ್ಯನವರು ಮಾತ್ರ ಒಳಗಿದ್ದೆವು. ಉಳಿದವರು ಬಾಗಿಲ ಹೊರಗೆ ಬಿಸಿಲಲ್ಲಿ ನಿಂತರು. ಕಾವಲುಗಾರನ ಹೆಂಡತಿಯೂ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಅಯ್ಯನವರು ಅತ್ತೆಯ ಅಂಗೈಗೆ ಹೊಸ ಲಿಂಗವಿಟ್ಟು ಮಂತ್ರ ಹೇಳಿದರು. ಎಕ್ಸ್‌ರೇ ತೆಗೆಸಿದ ಸಂಜೆ ಅತ್ತೆ ಹೊಸೆದಿಟ್ಟಿದ್ದ ಶಿವದಾರವೂ ನೀರಲ್ಲಿ ಹೋಗಿತ್ತು. ಅಯ್ಯನವರು ತಂದಿದ್ದ ದಾರವನ್ನೇ ಕಟ್ಟಿದರು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ, "ಸಮಾಧಾನವಾಯಿತಾ ಅತ್ತೆ?"

"ಹೊಸಾದು. ಇನ್ನ ನನ್ನ ಗುರ್ತ ಆಗಬೇಕು ಅದಕ್ಕೆ," ಎಂದರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದರು. ನಿದ್ದೆಯಲ್ಲಿ ಇನ್ನೊಂದು ಕೈ ಎದೆಯ ಮೇಲೆ ಹಳೆಯದನ್ನು ಹುಡುಕುತ್ತಿತ್ತು. ನಾನು ನೋಡಿದೆ.

ಸಂಕ್ರಾಂತಿಗೆ ಸೂರ್ಯ ಬಂದ. ಹಬ್ಬವಾದ ಆರನೇ ದಿನ ಬೆಳಿಗ್ಗೆ, ನಾನು ಗೋಡೆ ಒರೆಸುತ್ತಿದ್ದಾಗ, ಅತ್ತೆ ಸ್ವಲ್ಪ ತಣ್ಣಿ ಕೊಡವ್ವ ಎಂದರು. ಐದು ವರ್ಷದಲ್ಲಿ ನೀರಿಗೆ ತಣ್ಣಿ ಎನ್ನುವುದು ಅವರಿಗೂ ಅಭ್ಯಾಸವಾಗಿತ್ತು. ಪೂಜೆ ಇನ್ನೂ ಆಗಿಲ್ಲವಲ್ಲ ಅತ್ತೆ ಎಂದೆ. ಇವತ್ತೊಂದು ದಿನ ಎಂದರು. ಲೋಟ ತರುವಷ್ಟರಲ್ಲಿ ಉಸಿರು ನಿಂತಿತ್ತು. ಬಂಡಿ ಅಲ್ಲಾಡಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ಅಂಗಡಿಯ ಹಿರಿಯರೇ ಓಡಾಡಿ, ನಮ್ಮ ಜನರನ್ನು ಕೂರಿಸಿ ಮಣ್ಣು ಮಾಡುವ ಜಾಗದಲ್ಲಿ ಸ್ಥಳ ಮಾಡಿಸಿದರು. ಅಲ್ಲಿಯವರು ಬಾಗಿಲ ಹತ್ತಿರವೇ ಒಂದು ಕಡೆ ಅಗೆಯಲು ಹೊರಟಿದ್ದರು. ಯಜಮಾನರು ತಡೆದು, ಬಗ್ಗಿ, ಹಿಡಿ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದರು.

"ಇಲ್ಲಿ ಜೇಡಿ ಇದೆ. ನೀರು ನಿಲ್ತದೆ. ಬೇಡ," ಎಂದರು.

ಮೂರು ಕಡೆ ನೋಡಿ, ಬೇವಿನ ಮರದ ಆಚೆ ಮರಳು ಬೆರೆತ ಮಣ್ಣು ಸಿಕ್ಕಿದ ಮೇಲೆ ಒಪ್ಪಿದರು. ಯಾರೂ ಅವಸರ ಮಾಡಲಿಲ್ಲ. ಅತ್ತೆಯನ್ನು ಪದ್ಮಾಸನದಲ್ಲಿ ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿ, ಅಂಗೈಯಲ್ಲಿ ಲಿಂಗವಿಟ್ಟರು. ಹನ್ನೆರಡು ದಿನದ ಲಿಂಗ.

ಅದೇ ವಾರ ಹಳೆಯ ಬೀದಿಯಲ್ಲೇ, ಮೊದಲನೇ ಮಹಡಿಯಲ್ಲಿ ಮನೆ ಹಿಡಿದೆವು. ಬಂಡಿಯನ್ನು ಲಾರಿಗೆ ಕಟ್ಟಿ ನೆಲ್ಲೂರಿನ ಕಡೆ ಕೆಲಸಕ್ಕೆ ಎಳೆದುಕೊಂಡು ಹೋದರು. ಎಕ್ಸ್‌ರೇ ಇನ್ನೂ ಕಿಟಕಿಯಲ್ಲೇ ಇತ್ತು. ತೆಗೆದುಕೊಳ್ಳಬೇಕೆಂದು ಹೊಳೆಯುವಷ್ಟರಲ್ಲಿ ಗೇಟು ದಾಟಿತ್ತು. ಕಾವಲುಗಾರನ ಹೆಂಡತಿ ಅದರ ಹಿಂದೆ ಎರಡು ಹೆಜ್ಜೆ ಓಡಿ, "ಅಮ್ಮಾ ಪೋರಾಂಗ," ಎಂದಳು. ಅಮ್ಮ ಹೋಗ್ತಿದಾರೆ ಎಂದು.

ಬೀದಿಗೆ ಡಾಂಬರು ಹಾಕುವ ತನಕ ಯಜಮಾನರು ಭಾನುವಾರ ಜರಡಿ ತೆಗೆದುಕೊಂಡು ಇಳಿಯುತ್ತಿದ್ದರು. ನೋಟುಪುಸ್ತಕದ ನಕ್ಷೆಯಲ್ಲಿ ನಮ್ಮ ಬೀದಿ ಪೂರ್ತಿ ಗೀರು ಹಾಕಿ ಮುಗಿದಿದೆ. ನಾನು ತವರಿನಿಂದ ನನ್ನ ಲಿಂಗ ತರಿಸಿ ಕಟ್ಟಿಕೊಂಡಿದ್ದೇನೆ. ಅತ್ತೆಯಷ್ಟು ನಿಷ್ಠೆ ನನಗಿಲ್ಲ. ಕೆಲವು ದಿನ ಕಾಫಿ ಕುಡಿದು ಪೂಜೆ ಮಾಡುತ್ತೇನೆ.

ಅದೇ ಅಕ್ಕಿ ಡಬ್ಬಿ ಈಗಲೂ ಇದೆ. ಅಕ್ಕಿ ತಳ ಮುಟ್ಟಿದಾಗ ಒಂದು ಸಲ ಕೈಯಾಡಿಸಿ ನೋಡುತ್ತೇನೆ. ಅತ್ತೆಯ ಕರಡಿಗೆ ಸಿಕ್ಕಿಲ್ಲ.